ಗಂಗಣ್ಣ ಗೇಟಿನಲ್ಲಿ ಬಿಟ್ಟುಹೋಗುತ್ತಿದ್ದ ಚಾಕು

ಹೋದ ವಾರ ನಮ್ಮ ಮನೆಗೆ ಹೊಸ ಗ್ರೈಂಡರ್ ಬಂತು. ತಂದವನು ಮಳೆಯಲ್ಲಿ ನೆನೆಯುತ್ತಲೇ ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಳಿಸಿ, ಮೊಬೈಲಿನ ಮೇಲೆ ನನ್ನ ಬೆರಳಿನಿಂದಲೇ ಸಹಿ ಗೀಚಿಸಿಕೊಂಡು ಹೊರಟುಹೋದ. ಪೆಟ್ಟಿಗೆ ಬಿಚ್ಚಲು ನನ್ನ ಹೆಂಡತಿ ಜಯಮ್ಮ ಈಳಿಗೆಮಣೆಯನ್ನೇ ಎತ್ತಿಕೊಂಡು ಬಂದಳು. ನಾನು ಬೇಡವೆಂದು ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆದೆ. ಒದ್ದೆ ರಟ್ಟಿನ ವಾಸನೆ, ಅದರ ಜೊತೆ ಟೇಪಿನ ಗೋಂದಿನ ವಾಸನೆ, ಎರಡೂ ಒಟ್ಟಿಗೆ ಬಂದು ಮೂಗಿಗೆ ಬಡಿದವು. ಕೈ ಅಲ್ಲೇ ನಿಂತಿತು.

"ಯಾಕೆ, ಒಡೆದಿರೋದು ಕಳಿಸವ್ರಾ?" ಅಂದಳು ಜಯಮ್ಮ.

ಒಡೆದಿರಲಿಲ್ಲ. ಆದರೆ ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲವನ್ನು ನಾನು ಪೂರ್ತಿ ಆ ವಾಸನೆಯಲ್ಲೇ ಕಳೆದಿದ್ದೆ.

ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಎಡಕ್ಕೆ ಸಾಲಾಗಿ ಗೋಡೌನುಗಳು. ಅವುಗಳಲ್ಲಿ ಬಿಸ್ಕತ್ತಿನ ಪೆಟ್ಟಿಗೆಗಳು ಬಂದಿಳಿಯುವ ಒಂದು ಗೋಡೌನಿನ ಗೇಟಿನಲ್ಲಿ ನಾನು ಹಗಲು ಪಾಳಿಯ ಸೆಕ್ಯೂರಿಟಿಯಾಗಿದ್ದೆ. ಕೆಲಸಕ್ಕೆ ಸೇರಿಸಿದ ಏಜೆನ್ಸಿಯವರು ಮೂರು ದಿನ ಟ್ರೈನಿಂಗ್ ಕೊಟ್ಟಿದ್ದರು. ಅದರಲ್ಲಿ ನನಗೆ ನೆನಪಿರುವುದು ಒಂದೇ ಮಾತು: ಒಳಗೆ ಹೋಗುವವನ ಕೈ ನೋಡು, ಹೊರಗೆ ಬರುವವನ ಹೊಟ್ಟೆ ನೋಡು. ನಾನು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಮದುವೆಮನೆಗೆ ಹೋದರೂ ಯಾರ ಹೊಟ್ಟೆ ಎಷ್ಟು ಉಬ್ಬಿದೆ ಎಂದು ಕಣ್ಣು ಅಳೆಯುತ್ತಿತ್ತು. "ಮನೇಲೂ ಸಾರಿನ ಪಾತ್ರೆ ಮುಚ್ಚಳ ತೆಗೆದು ನೋಡ್ತೀಯಲ್ಲ, ನಿನ್ನ ಡ್ಯೂಟಿ ಯಾವಾಗ ಮುಗಿಯೋದು?" ಎಂದು ಜಯಮ್ಮ ಕೇಳುತ್ತಿದ್ದಳು.

ಗೇಟಿನ ಪಕ್ಕದಲ್ಲಿ ನನ್ನ ಗೂಡು. ಮೂರು ಕಡೆ ತಗಡು, ಮೇಲೆ ಸಿಮೆಂಟ್ ಶೀಟು, ಮುಂದುಗಡೆ ಒಂದು ಕಿಟಕಿ, ಕಿಟಕಿಗೆ ಒಂದು ಹಲಗೆ. ಒಳಗೆ ಮೇಜು, ಕುರ್ಚಿ, ಲಾರಿಗಳ ರಿಜಿಸ್ಟರ್. ಲಾರಿ ನಂಬರಿನ ಜೊತೆಗೆ ಟಾರ್ಪಾಲಿನ ಬಣ್ಣ, ಎಲ್ಲಿ ಹರಿದಿದೆ, ಡ್ರೈವರ್ ಚಪ್ಪಲಿ ಹಾಕಿದ್ದಾನೋ ಬೂಟು ಹಾಕಿದ್ದಾನೋ, ಇದನ್ನೆಲ್ಲಾ ಯಾರೂ ಕೇಳದೇ ಇದ್ದರೂ ನಾನು ಬರೆಯುತ್ತಿದ್ದೆ. ಬರೆದಿಟ್ಟರೆ ಎಂದಾದರೊಂದು ದಿನ ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ.

ಗಂಗಹನುಮಯ್ಯ ಅಲ್ಲಿ ಲೋಡು ಇಳಿಸುವ ಹಮಾಲಿಗಳಲ್ಲಿ ಒಬ್ಬ. ಎಲ್ಲರೂ ಗಂಗಣ್ಣ ಅನ್ನುತ್ತಿದ್ದರು. ನನಗಿಂತ ಒಂದೆರಡು ವರ್ಷ ಚಿಕ್ಕವನು, ಆದರೆ ಎರಡು ಪೆಟ್ಟಿಗೆ ಒಟ್ಟಿಗೆ ತಲೆಯ ಮೇಲೆ ಇಟ್ಟುಕೊಂಡು ಕತ್ತು ಅಲುಗದ ಹಾಗೆ ನಡೆಯುವವನು. ಅವನು ಕೆಲಸಕ್ಕೆ ಬಂದ ಮೊದಲ ದಿನವೇ ನಾನು ಅವನನ್ನು ತಡೆದೆ. ಪಂಚೆಯ ಕೆಳಗಿನ ಪಟಾಪಟಿ ಚಡ್ಡಿಯ ಜೇಬು ಜೋತುಬಿದ್ದಿತ್ತು.

"ಜೇಬಲ್ಲೇನಯ್ಯಾ?"

"ಚಾಕು."

"ಯಾಕೆ ತಂದೆ?"

"ತರದೇ ಇರೋದು ಹೆಂಗೆ? ನೀನು ಚಡ್ಡಿ ಹಾಕ್ಕಂಡು ಬಂದಿಲ್ವಾ, ಹಂಗೇ ಇದೂನೂವೆ."

ತೆಗೆದು ತೋರಿಸಿದ. ಮರದ ಹಿಡಿಯ ಮಡಿಸುವ ಚಾಕು. ಹಿಡಿಗೆ ಹಿತ್ತಾಳೆಯ ಮೂರು ಮೊಳೆ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಹುಣಸೆಬೀಜದಷ್ಟು ನುಣುಪಾದ ಮರ. ಅಲಗು ನಾಲ್ಕು ಬೆರಳು ಉದ್ದ. ವರ್ಷಗಟ್ಟಲೆ ಕಲ್ಲಿಗೆ ಮಸೆದಿದ್ದರಿಂದ ನಡುವೆ ಸವೆದು ಸಣ್ಣಗಾಗಿತ್ತು. ಅದು ಅವರಪ್ಪನದು. ಹುರಿ ಕತ್ತರಿಸಲು, ಕಾಲಿನ ಮುಳ್ಳು ತೆಗೆಯಲು, ಸೌತೆಕಾಯಿ ಹೆಚ್ಚಲು, ಚಪ್ಪಲಿಯ ಉಂಗುಷ್ಠ ಕಿತ್ತರೆ ತೂತು ದೊಡ್ಡದು ಮಾಡಲು, ಎಲ್ಲಕ್ಕೂ ಅದೇ.

ಒಳಗೆ ಹಮಾಲಿಗಳಿಗೆ ಕಂಪನಿಯವರೇ ನಂಬರ್ ಹಾಕಿದ ಕಟರ್ ಕೊಡುತ್ತಾರೆ, ಸಂಜೆ ಎಣಿಸಿ ವಾಪಸು ತೆಗೆದುಕೊಳ್ಳುತ್ತಾರೆ. ಹೊರಗಿನ ಅಲಗು ಒಳಗೆ ಹೋಗುವ ಹಾಗಿಲ್ಲ, ಗೇಟಿನಲ್ಲೇ ಬಿಡಬೇಕು. ಹಾಗೆಂದು ಹೇಳಿದೆ. ಅವನು ಮುಖ ಸಣ್ಣಗೆ ಮಾಡಿಕೊಂಡು ನನ್ನದು ಯಾವ ಊರು ಅಂತ ಕೇಳಿದ. ತ್ಯಾಮಗೊಂಡ್ಲು ಕಡೆ ನಮ್ಮ ಹಳ್ಳಿಯ ಹೆಸರು ಹೇಳಿದ್ದೇ ತಡ, ಅವನ ಮುಖ ಅರಳಿತು.

"ಅಯ್ಯೋ, ನಾನು ನಿಮ್ಮೂರ ಹೆಣ್ಣನ್ನೇ ತಂದಿರೋನು! ಹಂಗಾರೆ ನೀನು ನಂಗೆ ಬಾವ ಆಗ್ಬೇಕು. ಬಾವನ ಹತ್ರ ಬಿಟ್ಟೋದ್ರೆ ಏನು ಭಯ ಐತೆ. ತಕೋ ಬಾವ."

ತಕೋ ಎಂದನೇ ಹೊರತು ಕೈಗೆ ಕೊಡಲಿಲ್ಲ. ಕಿಟಕಿಯ ಹಲಗೆಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ನಾನೂ ಅವನು ಸರಿದ ಮೇಲೆ ಎತ್ತಿಕೊಂಡೆ. ನಮ್ಮ ಕಡೆ ಚಾಕು, ಕತ್ತರಿ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಅನ್ನುತ್ತಾರೆ. ಅವತ್ತಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಅವನು ಹಲಗೆಯ ಮೇಲೆ ಇಡುವುದು, ನಾನು ಎತ್ತಿ ಮೇಜಿನ ಮೇಲಿನ ತಟ್ಟೆಯಲ್ಲಿ ಹಾಕುವುದು. ಸಂಜೆ ಅವನ ಹೊಟ್ಟೆ, ಸೊಂಟ ತಡವಿ ನೋಡಿಯಾದ ಮೇಲೆ ನಾನು ಚಾಕು ಹಲಗೆಯ ಮೇಲೆ ಇಟ್ಟು ಮುಂದಿನವನನ್ನು ತಡವಲು ತಿರುಗುವುದು, ಅವನು ಎತ್ತಿ ಜೇಬಿಗೆ ಇಳಿಸುವುದು. ಮಧ್ಯಾಹ್ನ ಊಟಕ್ಕೆ ಅವನು ಗೂಡಿಗೇ ಬರುತ್ತಿದ್ದ. ನನ್ನ ಡಬ್ಬಿಯಲ್ಲಿ ಮುದ್ದೆ, ಅವನ ಡಬ್ಬಿಯಲ್ಲಿ ಮುದ್ದೆ, ನಡುವೆ ಒಂದು ಈರುಳ್ಳಿ. ಅವನು ಈರುಳ್ಳಿಯನ್ನು ಅಂಗೈಯಲ್ಲೇ ಇಟ್ಟುಕೊಂಡು ನಾಲ್ಕು ಭಾಗ ಮಾಡುತ್ತಿದ್ದ. ಒಂದು ದಿನವೂ ಅಂಗೈಗೆ ಗೀರು ಬೀಳಲಿಲ್ಲ.

ಮಘೆ ಮಳೆ ಹಿಡಿದ ವಾರವೇ ತೊಂದರೆ ಶುರುವಾಯಿತು. ಇಳಿಸಿದ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಅಂಚಿನಲ್ಲಿ ನೇರವಾದ ಸೀಳು ಕಾಣಿಸಿಕೊಂಡಿತು. ಹರಿದದ್ದಲ್ಲ, ಇಲಿ ಕಡಿದದ್ದಲ್ಲ, ಅಡಿಪಟ್ಟಿ ಇಟ್ಟು ಗೀರಿದಂಥ ಸೀಳು. ಒಳಗೆ ಒಂದೆರಡು ಬಿಸ್ಕತ್ ಪ್ಯಾಕೆಟ್ಟುಗಳು ಕಡಿಮೆ. ಮೊದಲ ವಾರ ಮೂರು ಪೆಟ್ಟಿಗೆ, ಆಮೇಲೆ ದಿನಕ್ಕೆ ಮೂರು. ಮ್ಯಾನೇಜರ್ ಮೇಡಂ ಎಲ್ಲರ ಕಟರ್ ಎಣಿಸಿದರು. ಎಲ್ಲವೂ ಸರಿಯಾಗಿದ್ದವು. ಹಮಾಲಿಗಳು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡತೊಡಗಿದರು. ಒಬ್ಬ ಒಂಟಿಯಾಗಿ ನೀರು ಕುಡಿಯಲು ಹೋದರೂ ಇನ್ನೊಬ್ಬ ಹಿಂದೆಯೇ ಹೋಗುತ್ತಿದ್ದ. ನಾನೂ ಸಂಜೆ ತಡವುವಾಗ ಕೈ ಬಿಗಿ ಮಾಡಿದೆ. ಯಾರ ಹೊಟ್ಟೆಯಲ್ಲೂ ಬಿಸ್ಕತ್ತು ಸಿಗಲಿಲ್ಲ.

"ಏನ್ ಬಾವ, ಕಚಗುಳಿ ಇಕ್ತಾ ಇದೀಯಾ?" ಅಂತ ಗಂಗಣ್ಣ ನಗುತ್ತಿದ್ದ. "ಬಿಸ್ಕತ್ ತಿಂದೋನ ಬಾಯಿ ಮೂಸು, ಹೊಟ್ಟೆ ಯಾಕೆ ಹಿಸುಕ್ತೀಯ?"

ನಾನೂ ನಗುತ್ತಿದ್ದೆ. ಆ ದಿನದವರೆಗೆ.

ಆ ದಿನ ಬೆಳಿಗ್ಗೆಯಿಂದ ಮಳೆ ಬಿಡದೆ ಹೊಡೆಯುತ್ತಿತ್ತು. ಗೂಡಿನ ಶೀಟು ಬಿರುಕು ಬಿಟ್ಟು ನನ್ನ ಕುರ್ಚಿಯ ಮೇಲೆ ಸರಿಯಾಗಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಹಳೆಯ ಪೇಂಟ್ ಬಕೆಟ್ ಇಟ್ಟು, ನಾನು ಮೂಲೆಗೆ ಒತ್ತಿಕೊಂಡು ಕೂತಿದ್ದೆ. ಊಟದ ಹೊತ್ತಿಗೆ ಗೇಟಿನ ಎದುರೇ ಒಂದು ಕಂಟೇನರ್ ಲಾರಿ ಕೆಸರಿನಲ್ಲಿ ಹೂತು, ಹಿಂದಿನ ಲಾರಿಗಳೆಲ್ಲಾ ಹೈವೇವರೆಗೆ ನಿಂತುಬಿಟ್ಟವು. ಡಬ್ಬಿ ಅರ್ಧಕ್ಕೇ ಮುಚ್ಚಿ, ರೇನ್‌ಕೋಟ್ ಹಾಕಿಕೊಂಡು, ಸೀಟಿ ಊದುತ್ತಾ ರಸ್ತೆಯಲ್ಲಿ ನಿಂತೆ. ಒಂದು ಗಂಟೆಯ ಮೇಲಾಯಿತು. ವಾಪಸು ಬಂದಾಗ ಗಂಗಣ್ಣ ಊಟ ಮುಗಿಸಿ ಒಳಗೆ ಹೋಗಿದ್ದ. ಚಾಕು ತಟ್ಟೆಯಲ್ಲೇ ಇತ್ತು.

ಸಂಜೆ ಹಲಗೆಯ ಮೇಲೆ ಇಡಲು ಎತ್ತಿಕೊಂಡರೆ ಅಲಗು ಪೂರ್ತಿ ಮಡಿಸಿರಲಿಲ್ಲ. ಒತ್ತಿದರೂ ಕೂರಲಿಲ್ಲ. ಬಿಚ್ಚಿ ನೋಡಿದೆ. ಅಲಗಿನ ಉದ್ದಕ್ಕೂ ಟೇಪಿನ ಗೋಂದು ಮೆತ್ತಿತ್ತು. ಮೂಸಿದೆ. ಇಳಿಸುವ ಕಟ್ಟೆಯ ಹತ್ತಿರ ಹೋದರೆ ಬರುವುದಲ್ಲ, ಅದೇ ವಾಸನೆ. ಈರುಳ್ಳಿ ಹೆಚ್ಚುವ ಚಾಕುವಿಗೆ ಪೆಟ್ಟಿಗೆಯ ಟೇಪಿನ ಗೋಂದು ಹೇಗೆ ಬಂತು? ನಾನು ರಸ್ತೆಯಲ್ಲಿದ್ದ ಆ ಒಂದು ಗಂಟೆಯಲ್ಲಿ ಇದು ಒಳಗೆ ಹೋಗಿ ಬಂದಿದೆ. ಬೇರೆ ಇನ್ನೇನು?

ಕೇಳಬಹುದಿತ್ತು. ಅವನು ಮೂರು ಹೆಜ್ಜೆ ದೂರದಲ್ಲಿ ನಿಂತು ಒದ್ದೆ ಟವಲ್ ಹಿಂಡುತ್ತಿದ್ದ. "ಬಾವ, ಇವತ್ತು ಹೆಂಗಿತ್ತು ನಿನ್ನ ಅರಮನೆ?" ಅಂತ ಅವನೇ ಮಾತು ಎತ್ತಿದ, ಮುಖದಲ್ಲಿ ಏನೋ ಒಂದು ಕಳ್ಳ ನಗೆ. ಆ ನಗೆ ನೋಡಿ ನನ್ನ ಅನುಮಾನ ಗಟ್ಟಿಯಾಯಿತು. "ಹೆಂಗಿರುತ್ತೆ, ಇದ್ದಂಗೇ ಐತೆ" ಅಂದು, ಚಾಕು ಇಟ್ಟು ತಿರುಗಿಕೊಂಡೆ.

ಮರುದಿನದಿಂದ ಕುರ್ಚಿಯನ್ನು ಮೂಲೆಯಿಂದ ತೆಗೆದು ಬಾಗಿಲ ಹೊಸಿಲಿಗೆ ಹಾಕಿಕೊಂಡೆ. ಅಲ್ಲಿಂದ ಇಳಿಸುವ ಕಟ್ಟೆ ನೇರವಾಗಿ ಕಾಣುತ್ತಿತ್ತು. ಗಂಗಣ್ಣ ಎಷ್ಟು ಸಲ ಸಾಲುಗಳ ಹಿಂದೆ ಹೋದ, ಎಷ್ಟು ಹೊತ್ತಿಗೆ ಬಂದ, ಎಲ್ಲವನ್ನೂ ನನ್ನ ಸ್ವಂತ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಮಧ್ಯಾಹ್ನ ಅವನು ಈರುಳ್ಳಿ ಕತ್ತರಿಸಿ ಮುಂದಿಟ್ಟರೆ ಹಲ್ಲುನೋವು ಅಂತ ಬಿಟ್ಟೆ. "ಯಾವ ಹಲ್ಲು, ತೋರ್ಸು ಬಾವ, ಚಾಕು ಇಲ್ಲೇ ಐತೆ, ತೆಗೆದಾಕ್ಬುಡಾನ" ಅಂದ. ಎದುರು ಕೂತು ನಗುವವನ ಮೇಲೆ ಕಣ್ಣಿಟ್ಟಿರುವುದು ಎಷ್ಟು ಸುಸ್ತಿನ ಕೆಲಸ ಅಂತ ಆಗ ಗೊತ್ತಾಯಿತು. ಅವನು ಸ್ವಲ್ಪ ಸಿಡುಕಿದ್ದರೆ ನನಗೆ ಸಲೀಸಾಗುತ್ತಿತ್ತು.

ನಾಲ್ಕನೇ ದಿನ ಮೇಡಂ ನನ್ನನ್ನು ಆಫೀಸಿಗೆ ಕರೆಸಿದರು. ಅವರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಮಲ್ಲೇಶ್ವರದಿಂದ ದಿನಾ ಕಾರಿನಲ್ಲಿ ಬರುತ್ತಿದ್ದರು. ಗದರುವವರಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಗೇಟಿನ ಕ್ಯಾಮೆರಾದ ವಿಡಿಯೋ ಹಾಕಿದರು. ಮಳೆಯಲ್ಲಿ ಮಸುಕು ಮಸುಕಾಗಿ ನಾನು ಕಾಣಿಸಿದೆ. ಗಂಗಣ್ಣನನ್ನು ತಡವುತ್ತೇನೆ. ಹಲಗೆಯ ಮೇಲೆ ಏನೋ ಕಪ್ಪಗಿರುವುದನ್ನು ಇಡುತ್ತೇನೆ. ಬೆನ್ನು ತಿರುಗಿಸುತ್ತೇನೆ. ಅವನು ಅತ್ತಿತ್ತ ನೋಡಿ ಅದನ್ನು ಎತ್ತಿ ಚಡ್ಡಿಯ ಜೇಬಿಗೆ ಇಳಿಸುತ್ತಾನೆ. ಮಾರನೆಯ ದಿನದ್ದು ಹಾಕಿದರು, ಅದೇ. ಅದರ ಮಾರನೆಯ ದಿನದ್ದೂ ಅದೇ. ನೋಡುತ್ತಾ ನೋಡುತ್ತಾ ನನಗೇ ನನ್ನ ಮೇಲೆ ಅನುಮಾನ ಬಂತು.

"ಚೆಕಿಂಗ್ ಆದ್ಮೇಲೆ ದಿನಾ ಅವ್ರಿಗೆ ಏನು ಕೊಡ್ತೀರಿ?" ಅಂದರು ಮೇಡಂ.

"ಚಾಕು ಮೇಡಂ. ಅವನದೇ."

"ಚಾಕು ಆದ್ರೆ ಕೈಗೆ ಕೊಡಬಹುದಲ್ಲ? ಇಟ್ಟು ಆ ಕಡೆ ಯಾಕೆ ತಿರುಗ್ತೀರಿ?"

"ಕೈಗೆ ಕೊಡಬಾರದು ಮೇಡಂ. ಜಗಳ ಆಗುತ್ತೆ."

"ಯಾರಿಗೆ?"

"ಕೊಟ್ಟೋರಿಗೂ ತಗೊಂಡೋರಿಗೂ."

ಮೇಡಂ ಹಣೆ ಒತ್ತಿಕೊಂಡರು. "ಇದನ್ನ ನಾನು ಹೆಡ್ ಆಫೀಸಿಗೆ ಹೇಗೆ ಬರೀಲಿ, ಹೇಳಿ? ಆಯ್ತು, ಚಾಕು ಅಂತ ರಿಜಿಸ್ಟರ್‌ನಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಟಾರ್ಪಾಲಿನ ತೂತು ಬರೆದಿದ್ದೆ, ಡ್ರೈವರನ ಚಪ್ಪಲಿ ಬರೆದಿದ್ದೆ. ಬಾವ ಎಂದು ಕರೆಯುವವನ ಚಾಕುವನ್ನು ಬರೆಯುವುದು ಒಂದು ಥರಾ ಅನ್ನಿಸಿ ಬಿಟ್ಟಿದ್ದೆ. ಮೇಡಂ ರಿಜಿಸ್ಟರಿನ ಹಾಳೆ ಒಂದೊಂದಾಗಿ ಮಗುಚುತ್ತಿದ್ದರು. ಇಬ್ಬರೂ ಸೇರಿ ಮಾಡಿದ್ದಾರೆ ಅಂದುಬಿಟ್ಟರೆ? ಐವತ್ತರ ಮೇಲಿನ ನನಗೆ ಇನ್ನೊಂದು ಗೇಟು ಯಾರು ಕೊಡುತ್ತಾರೆ?

ಆಗ ನಾನು ಬಾಯಿಬಿಟ್ಟೆ. ನಾನು ರಸ್ತೆಗೆ ಹೋಗಿದ್ದಾಗ ಚಾಕು ಗೂಡಿನಲ್ಲೇ ಇತ್ತು, ಸಂಜೆ ನೋಡಿದರೆ ಅಲಗಿಗೆ ಟೇಪಿನ ಗೋಂದು ಮೆತ್ತಿತ್ತು, ಅವನ ಮೇಲೆ ನನಗೂ ಒಂದು ಕಣ್ಣಿದೆ ಅಂತ. ನೋಟುಬುಕ್ಕನ್ನೂ ತೆಗೆದು ತೋರಿಸಿದೆ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಮೇಡಂ ಓದಿ, "ಇದನ್ನ ಮೊದಲೇ ಹೇಳ್ಬಾರದಿತ್ತಾ?" ಅಂದರು. ನನ್ನ ಕೆಲಸ ಉಳಿಯಿತು ಅಂತ ಆ ಕ್ಷಣಕ್ಕೇ ಗೊತ್ತಾಯಿತು. ಗೇಟಿಗೆ ವಾಪಸು ನಡೆಯುವಾಗ ಇಳಿಸುವ ಕಟ್ಟೆಯಿಂದ ಗಂಗಣ್ಣ ಕೈಯೆತ್ತಿ, "ಏನ್ ಬಾವ, ಪ್ರಮೋಷನ್ನಾ?" ಅಂತ ಕೂಗಿದ. ಕೇಳಿಸದವನ ಹಾಗೆ ನಡೆದೆ.

ಸಂಜೆ ಹಮಾಲಿಗಳ ಕಂಟ್ರಾಕ್ಟರು ಬಂದು ತಟ್ಟೆಯಲ್ಲಿದ್ದ ಚಾಕುವನ್ನು ಕವರಿಗೆ ಹಾಕಿ ಆಫೀಸಿಗೆ ಕೊಟ್ಟ. ಗಂಗಣ್ಣನಿಗೆ, "ನಾಳೆಯಿಂದ ಬರಬೇಡ, ನಿನ್ನ ಚಾಕು ಮೇಲೆ ಗೇಟಿನಿಂದ ಕಂಪ್ಲೇಂಟು" ಅಂತಷ್ಟೇ ಹೇಳಿದ. ಗೋಂದಿನ ಮಾತನ್ನು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅವನು ಅಲ್ಲೇ ಉತ್ತರ ಕೊಡುತ್ತಿದ್ದನೋ ಏನೋ. ಅವನು ಗೇಟಿನ ಹತ್ತಿರ ಬಂದು ನಿಂತ. ಮಳೆ ನಿಂತಿತ್ತು. ಮಾಮೂಲಿನ ಹಾಗೆ ಎರಡೂ ಕೈ ಎತ್ತಿದ, ತಡವಲಿ ಅಂತ. ನಾನು ತಡವಿದೆ. ನನ್ನ ಮುಖವನ್ನೇ ನೋಡುತ್ತಿದ್ದ. ತಡವಿ ಮುಗಿದದ್ದೇ ಹೊರಟುಹೋದ.

ಆಮೇಲೆ ಹನ್ನೊಂದು ದಿನ. ಪೆಟ್ಟಿಗೆಗಳು ಸೀಳುವುದು ನಿಲ್ಲಲಿಲ್ಲ. ಮೊದಲ ಎರಡು ದಿನ, ಇವು ಹಳೆಯ ಲೋಡಿನವು ಇರಬೇಕು ಅಂದುಕೊಂಡೆ. ಮೂರನೇ ದಿನ, ಅವನಿಗೆ ಒಳಗೆ ಜೊತೆಗಾರ ಇದ್ದಾನೆ ಅಂದುಕೊಂಡೆ. ಅನುಮಾನಕ್ಕೆ ಊಟ ಹಾಕುವುದು ಬಹಳ ಸುಲಭ. ಏನು ಕೊಟ್ಟರೂ ತಿನ್ನುತ್ತದೆ.

ಕೊನೆಗೆ ಬಿಸ್ಕತ್ ಕಂಪನಿಯ ಕಡೆಯಿಂದ ಒಬ್ಬರು ಬಂದರು. ಕನ್ನಡಕದ ವಯಸ್ಸಾದ ಮನುಷ್ಯ, ಯಾರನ್ನೂ ಏನೂ ಕೇಳಲಿಲ್ಲ. ಇಳಿಸುವ ಮುಂಚೆಯೇ ಲಾರಿ ಹತ್ತಿದರು. ಪೆಟ್ಟಿಗೆಗಳನ್ನು ಹೊರಡಿಸುವಾಗ ಮೆಷಿನ್ನಿನಿಂದ ಪ್ಲಾಸ್ಟಿಕ್ ಪಟ್ಟಿ ಬಿಗಿದಿರುತ್ತಾರೆ. ಒಣಗಿದ ರಟ್ಟು ಅದನ್ನು ತಡೆಯುತ್ತದೆ. ಹರಿದ ಟಾರ್ಪಾಲಿನ ಕೆಳಗೆ ನೆನೆದು ಮೆತ್ತಗಾದ ರಟ್ಟಿಗೆ ಲಾರಿಯ ಕುಲುಕಾಟ ಸೇರಿದರೆ ಪಟ್ಟಿ ಒಳಕ್ಕೆ ಇಳಿಯುತ್ತಾ ಹೋಗುತ್ತದೆ, ಬೇಯಿಸಿದ ಮೊಟ್ಟೆಯನ್ನು ದಾರದಲ್ಲಿ ಕತ್ತರಿಸಿದ ಹಾಗೆ. ನಮ್ಮ ಹಮಾಲಿಗಳು ಮೊದಲು ಪಟ್ಟಿ ಕಿತ್ತು ಎಸೆದು ಆಮೇಲೆ ಪೆಟ್ಟಿಗೆ ನೋಡುತ್ತಿದ್ದರು, ಹೀಗಾಗಿ ಯಾರಿಗೂ ಹೊಳೆದಿರಲಿಲ್ಲ. ಉದುರಿದ ಪ್ಯಾಕೆಟ್ಟುಗಳು ಲಾರಿಯ ಹಲಗೆಗಳ ಸಂದಿಯಲ್ಲಿ ಕೆಸರಾಗಿ ಬಿದ್ದಿದ್ದವು. ಚಾಕುವೂ ಇಲ್ಲ, ಕಳ್ಳನೂ ಇಲ್ಲ.

ಮೇಡಂ ಅವತ್ತೇ ಕಂಟ್ರಾಕ್ಟರನಿಗೆ ಫೋನ್ ಮಾಡಿ ಗಂಗಣ್ಣನನ್ನು ವಾಪಸು ಕರೆಸಿ ಎಂದರು. ಬಂದಾಗ ತಾವೇ ಕವರಿನಿಂದ ಚಾಕು ತೆಗೆದುಕೊಟ್ಟು, "ಬೇಜಾರು ಮಾಡ್ಕೋಬೇಡಿ" ಅಂದರಂತೆ. ಬೆಳಿಗ್ಗೆಯೇ ಅವನು ಅದನ್ನು ತಂದು ಮೊದಲಿನ ಹಾಗೆ ಹಲಗೆಯ ಮೇಲೆ ಇಟ್ಟು ಕೆಲಸಕ್ಕೆ ಹೋದ. ನನಗೆ ಸಮಾಧಾನವಾಗಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಆಗಲೂ ತಲೆಯ ಒಂದು ಮೂಲೆಯಲ್ಲಿ ಹುಳು ಕೊರೆಯುತ್ತಲೇ ಇತ್ತು. ಸೀಳಿದ್ದು ಪಟ್ಟಿ, ಸರಿ. ಹಾಗಾದರೆ ಅವನ ಅಲಗಿಗೆ ಗೋಂದು ಹೇಗೆ ಬಂತು?

ಅವನು ವಾಪಸು ಬಂದ ದಿನ ಮಧ್ಯಾಹ್ನ ಉತ್ತರೆ ಮಳೆ ಗಾಳಿಯ ಜೊತೆ ಬಂದು ಹೊಸಿಲವರೆಗೂ ಇರಚಲು ಹೊಡೆಯಿತು. ಕುರ್ಚಿ ಎತ್ತಿಕೊಂಡು ಒಳಗೆ ಬಂದೆ. ಎಷ್ಟೋ ದಿನದ ಮೇಲೆ ಅದರ ಹಳೆಯ ಜಾಗದಲ್ಲಿ ಹಾಕಿ ಕೂತೆ. ಪೇಂಟ್ ಬಕೆಟ್ ಕಾಲಿಗೆ ತಗುಲಿತು. ಒಳಗೆ ನೀರಿಲ್ಲ. ತಳದಲ್ಲಿ ಜೇಡ ಬಲೆ ಕಟ್ಟಿತ್ತು.

ತಲೆಯೆತ್ತಿ ನೋಡಿದೆ. ಶೀಟಿನ ಬಿರುಕಿನ ಉದ್ದಕ್ಕೂ ಕಂದು ಬಣ್ಣದ ಪ್ಯಾಕಿಂಗ್ ಟೇಪನ್ನು ಒಂದರ ಮೇಲೊಂದು ನಾಲ್ಕು ಪಟ್ಟಿ ಅಂಟಿಸಿತ್ತು. ತುದಿಗಳನ್ನು ನೀಟಾಗಿ ಕತ್ತರಿಸಿ, ಗಾಳಿ ಹೋಗದ ಹಾಗೆ ಹೆಬ್ಬೆರಳಿನಿಂದ ತೀಡಿದ ಗುರುತು ಕೂಡ ಇತ್ತು. ನಾನು ಅವತ್ತು ಕಂಟೇನರ್ ಹಿಂದೆ ಸೀಟಿ ಊದುತ್ತಿದ್ದಾಗ ಮೇಜಿನ ಮೇಲೆ ಹತ್ತಿ ಮಾಡಿದ ಕೆಲಸ. ಸಂಜೆ ಅರಮನೆ ಹೆಂಗಿತ್ತು ಅಂತ ಕೇಳಿದ್ದು ಅದಕ್ಕೇ. ನಾನು ತಲೆಯೆತ್ತಿ ನೋಡುತ್ತೇನೆ ಅಂತ ಅವನು ಕಾದಿದ್ದ. ನಾನು ಹೊಸಿಲಲ್ಲಿ ಕೂತು ಅವನನ್ನು ನೋಡುತ್ತಿದ್ದೆ.

ಅವತ್ತು ಮಧ್ಯಾಹ್ನ ಅವನು ಊಟಕ್ಕೆ ಗೂಡಿಗೆ ಬರಲಿಲ್ಲ. ಒಳಗೆ ಬೇರೆಯವರ ಜೊತೆ ಕೂತನಂತೆ. ಸಂಜೆ ಬಂದು ಎರಡೂ ಕೈ ಎತ್ತಿ ನಿಂತ. ತಡವಲು ನನ್ನ ಕೈ ಏಳಲಿಲ್ಲ. ತಟ್ಟೆಯಿಂದ ಚಾಕು ತೆಗೆದು ಹಲಗೆಯ ಮೇಲೆ ಇಟ್ಟೆ. ಅವನು ಮುಟ್ಟಲಿಲ್ಲ.

"ಚೆಕ್ ಮಾಡಿ ಸಾರ್," ಅಂದ.

ಬಾವ ಅನ್ನಲಿಲ್ಲ. ನೀನು ಅನ್ನಲಿಲ್ಲ. ನಾನು ಸುಮ್ಮನೆ ಸೊಂಟಕ್ಕೆ ಕೈ ತಾಗಿಸಿ ತೆಗೆದೆ. ಹೇಳಬೇಕೆಂದು ಮಧ್ಯಾಹ್ನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಇಷ್ಟೇ:

"ಗಂಗಣ್ಣ, ಶೀಟಿಗೆ ಟೇಪ್ ಹಾಕಿದ್ದು ನೀನೇನಾ?"

ಅವನು ಒಂದು ಸಲ ಗೂಡಿನ ಮಾಡಿನ ಕಡೆ ನೋಡಿದ. ಆಮೇಲೆ ನನ್ನ ಕಡೆ.

"ಯಾಕೆ ಸಾರ್," ಅಂದ, "ಅದಕ್ಕೂ ಕಂಪ್ಲೇಂಟ್ ಬಂದೈತಾ?"

ಇಲ್ಲ ಅಂದೆ. ಅವನು ತಲೆಯಾಡಿಸಿದ. ಕಿಟಕಿಯೊಳಗೆ ಬಗ್ಗಿ, ಮೇಜಿನ ಮೇಲಿದ್ದ ರಿಜಿಸ್ಟರನ್ನು ಬೆರಳಿನಿಂದ ನನ್ನ ಕಡೆಗೆ ತಳ್ಳಿದ. ಬೆಳಿಗ್ಗೆ ಒಂದು ಚಾಕು ಕೊಟ್ಟಿದ್ದು, ಸಂಜೆ ಒಂದು ಚಾಕು ತಗೊಂಡಿದ್ದು, ಎರಡೂ ಬರೆಯಿರಿ, ಸಹಿ ಹಾಕಿ ಹೋಗ್ತೀನಿ ಅಂದ. ನಾನು ಬರೆಯುವವರೆಗೆ ಮಳೆಯಲ್ಲೇ ನಿಂತಿದ್ದ. ಒಳಗೆ ಬಾ ಅಂದೆ, ಬರಲಿಲ್ಲ.